ಗೇರುಹಣ್ಣಿನ ವೈನು: ಹಣ್ಣನ್ನು ಸಿದ್ಧಗೊಳಿಸುವ ಬಗೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಮುರಕಲ್ಲು ಗುಡ್ಡಗಳಲ್ಲಿ ಗೇರು ಮರವಿಲ್ಲದ ಊರು ವಿರಳ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಇಲ್ಲಿ ಬೀಜ ಹೆಕ್ಕುವ ಕೆಲಸ ನಡೆಯುತ್ತದೆ. ಬೀಜವನ್ನು ಬೇರ್ಪಡಿಸಿ ಒಣಗಿಸಿ ಮಾರಲಾಗುತ್ತದೆ. ಹಣ್ಣನ್ನು ಮಾತ್ರ ಮರದ ಬುಡದಲ್ಲಿಯೇ ಬಿಟ್ಟು ಬರುವುದು ವಾಡಿಕೆ. ಗೇರುಹಣ್ಣಿನ ತೂಕ ಅದರ ಬೀಜದ ತೂಕಕ್ಕಿಂತ ಸಾಮಾನ್ಯವಾಗಿ 6ರಿಂದ 10 ಪಟ್ಟು ಹೆಚ್ಚು. ಅಂದರೆ 1 ಕ್ವಿಂಟಲ್ ಬೀಜ ಮಾರುವ ರೈತನು ಕಡಿಮೆಯೆಂದರೂ 6 ಕ್ವಿಂಟಲ್ ಹಣ್ಣನ್ನು ಗುಡ್ಡದಲ್ಲಿ ಕೊಳೆಯಲು ಬಿಟ್ಟಂತಾಯಿತು. ಈ ಹಣ್ಣಿನಲ್ಲಿ ಸಿ ಜೀವಸತ್ವವು ಕಿತ್ತಳೆಯಲ್ಲಿರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿದೆ. ಸಕ್ಕರೆಯ ಅಂಶವೂ ಶೇಕಡಾ 10ರಿಂದ 12ರಷ್ಟಿರುತ್ತದೆ.

16ನೇ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದ ಈ ಮರದ ಹಣ್ಣಿಗೆ ಗೋವೆಯಲ್ಲಿ ಬೆಲೆ ಇದೆ. ಅಲ್ಲಿಯ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರಕಿತು. ನಮ್ಮ ಜಿಲ್ಲೆಯಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ವೈನು ಮಾಡುವ ಮನೆಗಳಲ್ಲಿಯೂ ಘಟ್ಟದ ಮೇಲಿನಿಂದ ಬರುವ ಕಪ್ಪು ದ್ರಾಕ್ಷಿಯನ್ನೇ ಪೇಟೆಯಿಂದ ಕೊಂಡು ತರುವುದು ರೂಢಿ. ಗೇರುಹಣ್ಣಿನಿಂದ ಒಳ್ಳೆಯ ವೈನು ಆಗುವುದಿಲ್ಲ, ಅದು ಒಗರು, ವಾಸನೆ ಬರುತ್ತದೆ, ಬೇಗ ಹುಳಿಯಾಗುತ್ತದೆ ಎಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮೂರು ದೋಷಗಳಿಗೂ ಕಾರಣವನ್ನು ಹುಡುಕುತ್ತ ಹೋದರೆ ಅದು ಭರಣಿಯಲ್ಲಿ ಸಿಗುವುದಿಲ್ಲ. ಯೀಸ್ಟ್ ಹಾಕುವ ಮೊದಲೇ, ಹಣ್ಣು ಮರದಿಂದ ಬಿದ್ದ ಗಳಿಗೆಯಿಂದ ಮುಂದಿನ ಒಂದು ದಿನದೊಳಗೆ, ವೈನಿನ ಗುಣ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಆದುದರಿಂದ ಈ ಲೇಖನದಲ್ಲಿ ಹಣ್ಣಿನ ಸಿದ್ಧತೆಯ ಕ್ರಮವನ್ನು ವಿವರಿಸಲಾಗಿದೆ.

ಮೊದಲು ಕಾನೂನು

ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ವೈನು ಕೂಡ ಮದ್ಯವೆಂಬ ಮಾತಿನ ವ್ಯಾಪ್ತಿಗೆ ಸೇರುತ್ತದೆ. ಮನೆಯ ಹಣ್ಣು, ಮನೆಯ ಬಳಕೆ ಎಂಬ ಕಾರಣಕ್ಕೆ ತಾನಾಗಿ ವಿನಾಯಿತಿ ಸಿಗುತ್ತದೆಂದು ಯಾರೂ ಭಾವಿಸಬಾರದು. ವೈನು ಮಾಡಬೇಕೆನ್ನುವವರು ಮೊದಲು ಅಬಕಾರಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ಅನುಮತಿಯನ್ನು ಬರಹದಲ್ಲಿ ಪಡೆದು ಮುಂದುವರಿಯಬೇಕು. ವಿಸ್ತರಣಾ ಕಾರ್ಯಕರ್ತರು ಮಹಿಳಾ ಮಂಡಲ ಮತ್ತು ಸ್ವಸಹಾಯ ಗುಂಪುಗಳಲ್ಲಿ ಈ ವಿಷಯವನ್ನು ಪ್ರಾತ್ಯಕ್ಷಿಕೆಗೆ ಎತ್ತಿಕೊಳ್ಳುವ ಮೊದಲು ಇದನ್ನು ಸ್ಪಷ್ಟವಾಗಿ ತಿಳಿಸಬೇಕು.

ಅನುಮತಿ ಇಲ್ಲದವರಿಗೂ ಈ ಲೇಖನ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಹೇಳಿರುವ ಸಿದ್ಧತೆಯು ಒಗರು ತೆಗೆದು ರಸವನ್ನು ತಿಳಿಗೊಳಿಸುವವರೆಗೆ ವೈನಿಗೂ ಪಾನಕಕ್ಕೂ ಒಂದೇ. ಅವರು ಅಲ್ಲಿಗೆ ನಿಲ್ಲಿಸಿ ಅದೇ ರಸದಿಂದ ಸಿರಪ್ ಮಾಡಿಕೊಳ್ಳಬಹುದು. ಅದರ ಕ್ರಮವನ್ನು ಕೊನೆಯಲ್ಲಿ ಕೊಟ್ಟಿದೆ.

ಭಟ್ಟಿ ಇಳಿಸುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೂಲ ತಿಳಿಯದ ಸಾರಾಯಿಯನ್ನು ವೈನಿಗೆ ಬೆರೆಸಿ 'ಗಟ್ಟಿ' ಮಾಡುವ ಅಭ್ಯಾಸವೂ ಇಂಥದೇ ಅಪಾಯವನ್ನು ತರುತ್ತದೆ.

ಮರವನ್ನು ಆರಿಸುವುದು

ಒಂದೇ ತೋಟದಲ್ಲಿ ಬೀಜದಿಂದ ಬೆಳೆದ ಹತ್ತು ಗೇರು ಮರಗಳಿದ್ದರೆ ಹತ್ತು ಮರಗಳ ಹಣ್ಣಿಗೂ ಬೇರೆ ಬೇರೆ ರುಚಿ ಇರುತ್ತದೆ. ಕೆಲವು ರಸಭರಿತ ಮತ್ತು ಸಿಹಿ, ಕೆಲವು ನಾರು, ಕೆಲವು ನಾಲಿಗೆ ಹಿಡಿಯುವಷ್ಟು ಚೊಗರು. ಹಣ್ಣು ಕೆಂಪೋ ಹಳದಿಯೋ ಎಂಬುದನ್ನು ನೋಡಿ ಒಗರನ್ನು ಅಳೆಯಲಾಗದು. ತಿಂದು ನೋಡುವುದೇ ಸರಿಯಾದ ಪರೀಕ್ಷೆ. ಸೀಸನ್ನಿನ ಆರಂಭದಲ್ಲಿ ಪ್ರತಿ ಮರದ ಒಂದೆರಡು ಮಾಗಿದ ಹಣ್ಣು ತಿಂದು, ಸಿಹಿ ಹೆಚ್ಚು, ಒಗರು ಕಡಿಮೆ ಇರುವ ಮರಗಳ ಕಾಂಡಕ್ಕೆ ಸುಣ್ಣದ ಪಟ್ಟಿ ಬಳಿಯಿರಿ. ರಸಕ್ಕೆ ಆ ಮರಗಳ ಹಣ್ಣು ಮಾತ್ರ ಸಾಕು.

ಉಳ್ಳಾಲದ ಸಂಶೋಧನಾ ಕೇಂದ್ರ ಮತ್ತು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಿಂದ ಬಿಡುಗಡೆಯಾದ ತಳಿಗಳ ಕಸಿ ಗಿಡಗಳನ್ನು ನೆಟ್ಟವರಿಗೆ ಒಂದು ಅನುಕೂಲವಿದೆ. ಒಂದೇ ತಳಿಯ ಎಲ್ಲ ಮರಗಳ ಹಣ್ಣಿನ ಗುಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪ್ರತಿ ಸಲವೂ ರಸದ ಹದ ಹೊಂದಿಸುವುದು ಸುಲಭ.

ಸಿಂಪಡಣೆ: ಮರೆಯಬಾರದ ಮಾತು

ಗೇರಿಗೆ ಬರುವ ಟೀ ಸೊಳ್ಳೆಯ ಹತೋಟಿಗೆ ಚಿಗುರುವಾಗ, ಹೂ ಬಿಡುವಾಗ ಮತ್ತು ಎಳೆ ಬೀಜ ಕಟ್ಟುವಾಗ ಕೀಟನಾಶಕ ಸಿಂಪಡಿಸುವ ಪದ್ಧತಿ ಇದೆ. ಬೀಜಕ್ಕೆ ದಪ್ಪ ಸಿಪ್ಪೆಯಿದ್ದು ತಿನ್ನುವ ತಿರುಳು ಅದರೊಳಗೆ ಸುರಕ್ಷಿತವಾಗಿರುತ್ತದೆ. ಹಣ್ಣಿಗೆ ಆ ರಕ್ಷಣೆ ಇಲ್ಲ. ಅದರ ತೊಗಲು ತೀರ ತೆಳು. ರಸ ತೆಗೆಯುವಾಗ ತೊಗಲು ಸಹಿತವಾಗಿಯೇ ಹಿಂಡುತ್ತೇವೆ. ಬೀಜ ಮಾರುವುದಕ್ಕಷ್ಟೇ ಯೋಚಿಸಿ ಮಾಡಿದ ಸಿಂಪಡಣೆಯು ಹಣ್ಣು ಬಳಸುವವರಿಗೆ ಸರಿಹೊಂದುವುದಿಲ್ಲ.

ಬೆಳ್ತಂಗಡಿ ತಾಲೂಕಿನವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಕ್ಕಡ, ನಿಡ್ಲೆ, ಪಟ್ರಮೆ ಮೊದಲಾದ ಊರುಗಳ ಸುತ್ತಲಿನ ಗೇರು ನೆಡುತೋಪುಗಳಿಗೆ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಆ ಊರುಗಳ ಕುಟುಂಬಗಳು ಅದರ ನೋವನ್ನು ಇಂದಿಗೂ ಹೊತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಈಗ ಬಳಸುವ ಔಷಧಿಗಳು ಬೇರೆಯಾದರೂ ಹಣ್ಣು ತಿನ್ನುವವನ ಎಚ್ಚರಿಕೆ ಅದೇ ಇರಬೇಕು.

ಹೀಗಾಗಿ ಮನೆಯ ಹತ್ತಿರದ ಕೆಲವು ಮರಗಳನ್ನು ರಸಕ್ಕೆಂದೇ ಬಿಟ್ಟು, ಅವುಗಳಿಗೆ ಹೂ ಬಿಟ್ಟ ಮೇಲೆ ಯಾವ ಔಷಧಿಯನ್ನೂ ಸಿಂಪಡಿಸದಿರುವುದು ಉತ್ತಮ. ಸಿಂಪಡಿಸಿದ ಮರವಾದರೆ ಆ ಸಾಲಿನ ಹಣ್ಣನ್ನು ರಸಕ್ಕೆ ಬಳಸಬೇಡಿ. ಗುತ್ತಿಗೆಗೆ ಹಿಡಿದ ತೋಪಿನ ಹಣ್ಣಾದರೆ ಏನು, ಯಾವಾಗ ಸಿಂಪಡಿಸಿದ್ದಾರೆಂದು ಕೇಳಿ ತಿಳಿಯದೆ ಹಣ್ಣು ತರಬಾರದು. ತೊಳೆದರೆ ಎಲ್ಲ ಹೋಗುತ್ತದೆಂಬ ನಂಬಿಕೆ ಸರಿಯಲ್ಲ; ಹಣ್ಣಿನೊಳಗೆ ಇಳಿದ ಔಷಧಿ ತೊಳೆದರೆ ಹೋಗದು.

ಅಡಿಕೆ ತೋಟದ ನಡುವೆ ಇರುವ ಹಣ್ಣಿನ ಮರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಳೆ ರೋಗಕ್ಕೆ ಮಳೆಗಾಲದ ಮುಂಚೆ ಬೋರ್ಡೊ ದ್ರಾವಣ ಬಿಡುವಾಗ ಅದು ಕೆಳಗಿನ ಬಾಳೆ, ಅನಾನಸು, ಪುನರ್ಪುಳಿಗಳ ಮೇಲೆ ತೊಟ್ಟಿಕ್ಕುತ್ತದೆ. ಅದರಲ್ಲಿರುವ ತಾಮ್ರ ಹೆಚ್ಚಾದರೆ ಯೀಸ್ಟಿನ ಬೆಳವಣಿಗೆ ಕುಂಠಿತವಾಗುತ್ತದೆ, ರುಚಿಯೂ ಕೆಡುತ್ತದೆ. ಮದ್ದು ಬಿಡುವ ದಿನಕ್ಕೆ ಮೊದಲೇ ಬಲಿತ ಹಣ್ಣುಗಳನ್ನು ಕೊಯ್ದುಕೊಳ್ಳಬೇಕು.

ಹೆಕ್ಕುವುದು ಮತ್ತು ಸಾಗಿಸುವುದು

ಗೇರಿನಲ್ಲಿ ಮೊದಲು ಬೀಜ ಪೂರ್ತಿ ಬೆಳೆಯುತ್ತದೆ, ಅನಂತರ ಹಣ್ಣು ಉಬ್ಬಿ ಬಣ್ಣ ತಳೆಯುತ್ತದೆ. ತಾನಾಗಿ ಉದುರುವ ಹಣ್ಣಿನಲ್ಲಿ ಸಕ್ಕರೆ ಹೆಚ್ಚು, ಒಗರು ಕಡಿಮೆ. ಗೋವೆಯಲ್ಲಿಯೂ ಉದುರಿದ ಹಣ್ಣನ್ನೇ ಹೆಕ್ಕುತ್ತಾರೆ. ದೋಟಿಯಿಂದ ಎಳೆದು ಕೆಡವಿದ ಹಣ್ಣಿನಲ್ಲಿ ಅರೆಬಲಿತದ್ದು ಸೇರಿ ಒಗರು ಹೆಚ್ಚುತ್ತದೆ.

ಆದರೆ ಉದುರಿದ ಹಣ್ಣಿಗೆ ಆಯುಷ್ಯ ಬಹಳ ಕಡಿಮೆ. ನೆಲಕ್ಕೆ ಬಿದ್ದ ಪೆಟ್ಟಿಗೆ ತೊಗಲು ಒಡೆದು ರಸ ಒಸರುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಸೆಕೆಯಲ್ಲಿ ಆ ಗಾಯದಲ್ಲಿ ಕೆಲವೇ ಗಂಟೆಗಳಲ್ಲಿ ಹುದುಗು ಆರಂಭವಾಗುತ್ತದೆ. ಹಣ್ಣಿನ ಸುತ್ತ ಹಾರುವ ಸಣ್ಣ ನೊಣಗಳು ವಿನಿಗರ್ ಉಂಟುಮಾಡುವ ಬ್ಯಾಕ್ಟೀರಿಯಗಳನ್ನು ಹೊತ್ತು ತರುತ್ತವೆ. 'ಬೇಗ ಹುಳಿಯಾಗುತ್ತದೆ' ಎಂಬ ದೂರಿನ ಮೂಲ ಇಲ್ಲಿದೆ. ಇದನ್ನು ತಪ್ಪಿಸಲು:

1. ಹಣ್ಣು ಬೀಳುವ ಮೊದಲೇ ಮರದ ಬುಡದ ಪೊದೆ, ಕಸಗಳನ್ನು ಸವರಿ ತೆಗೆಯಬೇಕು.

2. ಸಂಜೆಯ ಹೊತ್ತು ಬುಡದಲ್ಲಿ ಬಿದ್ದಿರುವ ಹಳೆಯ ಹಣ್ಣುಗಳನ್ನೆಲ್ಲ ಹೆಕ್ಕಿ ದೂರ ಹಾಕಬೇಕು. ಮರುದಿನ ಬೆಳಿಗ್ಗೆ ಅಲ್ಲಿ ಇರುವುದೆಲ್ಲ ರಾತ್ರಿ ಬಿದ್ದ ಹಣ್ಣೇ ಆಗಿರುತ್ತದೆ.

3. ಗುರುತು ಹಾಕಿದ ಮರಗಳ ಕೆಳಗೆ ಹಳೆಯ ಬಲೆ ಅಥವಾ ಶುಚಿಯಾದ ಬಟ್ಟೆ ಹಾಸಿದರೆ ಮಣ್ಣು ತಾಗುವುದಿಲ್ಲ. ಒಣ ಬೈಹುಲ್ಲನ್ನು ಹರಡಿದರೆ ಬಿದ್ದ ಪೆಟ್ಟೂ ಕಡಿಮೆಯಾಗುತ್ತದೆ.

4. ಬಿಸಿಲು ಏರುವ ಮೊದಲು, ಬೆಳಿಗ್ಗೆ 9 ಗಂಟೆಯೊಳಗೆ ಹೆಕ್ಕಿ ಮುಗಿಸಬೇಕು.

5. ಹಣ್ಣನ್ನು ಅಗಲವಾದ ಬುಟ್ಟಿಯಲ್ಲಿ ಎರಡು ಮೂರು ಪದರಕ್ಕಿಂತ ಹೆಚ್ಚು ಪೇರಿಸದೆ ತರಬೇಕು. ಗೋಣಿಯಲ್ಲಿ ತುಂಬಿದರೆ ಕೆಳಗಿನ ಹಣ್ಣು ಜಜ್ಜಿಹೋಗುತ್ತದೆ. ಗೊಬ್ಬರದ ಚೀಲ, ಔಷಧಿ ಕಲಸಿದ ಬಕೆಟುಗಳನ್ನು ತೊಳೆದೂ ಸಹ ಉಪಯೋಗಿಸಬಾರದು.

ಬೆಳಿಗ್ಗೆ ಹೆಕ್ಕಿದ ಹಣ್ಣಿನ ರಸವನ್ನು ಅದೇ ದಿನ ಮಧ್ಯಾಹ್ನದೊಳಗೆ ತೆಗೆಯಬೇಕು. 'ಇವತ್ತು ಹೆಕ್ಕಿ ನಾಳೆ ಹಿಂಡೋಣ' ಎಂಬುದು ಗೇರುಹಣ್ಣಿಗೆ ನಡೆಯದು. ಎಷ್ಟು ಹಿಂಡಲು ಸಾಧ್ಯವೋ ಅಷ್ಟನ್ನೇ ಹೆಕ್ಕಿರಿ. ಮೊದಲ ವರ್ಷ 15ರಿಂದ 20 ಕಿಲೋ ಹಣ್ಣು ಒಂದು ಮನೆಗೆ ಧಾರಾಳವಾಯಿತು.

ಬೀಜ ಬೇರ್ಪಡಿಸುವುದು, ಆರಿಸುವುದು, ತೊಳೆಯುವುದು

ಬೀಜವನ್ನು ತಿರುಚಿ ಅಥವಾ ದಾರದಿಂದ ಸುತ್ತಿ ಎಳೆದು ಬೇರ್ಪಡಿಸಬೇಕು. ಕತ್ತಿಯಿಂದ ಕೊಯ್ಯುವಾಗ ಬೀಜದ ಸಿಪ್ಪೆಗೆ ಗಾಯವಾದರೆ ಅದರ ಎಣ್ಣೆ ಹಣ್ಣಿಗೆ ತಾಗುತ್ತದೆ. ಈ ಎಣ್ಣೆ ಕೈ, ತುಟಿಗಳನ್ನು ಸುಟ್ಟು ಬೊಕ್ಕೆ ಎಬ್ಬಿಸುವಂಥದು. ರಸಕ್ಕೆ ಒಂದು ತೊಟ್ಟೂ ಸೇರಬಾರದು. ಬೇರ್ಪಡಿಸಿದ ಬೀಜವನ್ನು ಎಂದಿನಂತೆ ಬಿಸಿಲಿನಲ್ಲಿ 2-3 ದಿನ ಒಣಗಿಸಿ. ರಸಕ್ಕೆಂದು ಹಣ್ಣನ್ನು ಬಳಸುವುದರಿಂದ ಬೀಜದ ಆದಾಯಕ್ಕೆ ಯಾವ ಕುಂದೂ ಇಲ್ಲ.

ಹಣ್ಣುಗಳನ್ನು ಒಂದೊಂದಾಗಿ ನೋಡಿ ಆರಿಸಬೇಕು. ಬೂಷ್ಟು ಬಂದುದು, ಹುಳು ಕೊರೆದುದು, ಬಾವಲಿ ಅಥವಾ ಅಳಿಲು ಕಚ್ಚಿದುದು, ಹುಳಿ ವಾಸನೆ ಬರುವುದು, ಇವುಗಳನ್ನು ಪೂರ್ತಿಯಾಗಿ ತೆಗೆದುಹಾಕಬೇಕು. ಬಾವಲಿ ಕಚ್ಚಿದ ಹಣ್ಣಿನ ಉಳಿದ ಭಾಗ ಚೆನ್ನಾಗಿದೆಯೆಂದು ಕೊಯ್ದು ಸೇರಿಸಿಕೊಳ್ಳಬೇಡಿ. ಒಂದು ಬುಟ್ಟಿಯಲ್ಲಿ ಕೊಳೆತ ಹಣ್ಣು ನಾಲ್ಕು ಸೇರಿದರೂ ಇಡೀ ರಸಕ್ಕೆ ವಾಸನೆ ಹತ್ತುತ್ತದೆ. ಕೊಳೆತದ್ದು ವೈನಿಗೆ ಸಾಕು ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ. ಯೀಸ್ಟ್ ಹಣ್ಣಿನ ಕೆಟ್ಟತನವನ್ನು ತಿದ್ದಲಾರದು.

ಆರಿಸಿದ ಹಣ್ಣನ್ನು ಶುದ್ಧ ಬಾವಿ ನೀರಿನಲ್ಲಿ ಎರಡು ಮೂರು ಸಲ ತೊಳೆದು ನೀರು ಸೋರಿಸಬೇಕು. ಕೊನೆಯ ತೊಳೆತಕ್ಕೆ ಕುದಿಸಿ ಆರಿಸಿದ ನೀರು ಉತ್ತಮ. ಹಣ್ಣಿಗೆ ಬ್ಲೀಚಿಂಗ್ ಪುಡಿ ಹಾಕಬೇಡಿ; ಅದು ನೆಲ ಮತ್ತು ಚರಂಡಿಗೆ ಇರಲಿ. ಒಡೆದ ಹಣ್ಣನ್ನು ನೀರಿನಲ್ಲಿ ನೆನೆಹಾಕಿದರೆ ಸಕ್ಕರೆ ನೀರಿಗೆ ಹೋಗುತ್ತದೆ.

ಪಾತ್ರೆಗಳು

ಕಬ್ಬಿಣದ ಕತ್ತಿ, ಬಾಣಲೆಗಳನ್ನು ಗೇರಿನ ರಸಕ್ಕೆ ತಾಗಿಸಬಾರದು. ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ರಸ ಕಪ್ಪಾಗುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿ ರಸ ತಿನ್ನುತ್ತದೆ. ಸ್ಟೀಲು, ಗಾಜು, ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮು ಮತ್ತು ಒಳಮೈ ಸೀಳದ ಪಿಂಗಾಣಿ ಭರಣಿ ಆಗಬಹುದು. ಉಪ್ಪಿನಕಾಯಿ ಹಾಕಿದ ಭರಣಿಯ ವಾಸನೆ ಎಷ್ಟು ತೊಳೆದರೂ ಉಳಿಯುವುದರಿಂದ ಅದನ್ನು ಬಿಡಬೇಕು. ಎಲ್ಲ ಪಾತ್ರೆ, ಬಟ್ಟೆ, ಸೌಟುಗಳನ್ನು ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿ ಬಳಸಬೇಕು.

ರಸ ತೆಗೆಯುವುದು ಮತ್ತು ಕಾಪಾಡುವುದು

ಹಣ್ಣನ್ನು ಸ್ಟೀಲ್ ಚಾಕುವಿನಿಂದ ಎರಡು ಮೂರು ಹೋಳು ಮಾಡಿ, ಶುಚಿಯಾದ ದಪ್ಪ ಬಟ್ಟೆಯಲ್ಲಿ ಕಟ್ಟಿ ಹಿಂಡಬಹುದು. ಹೆಚ್ಚು ಹಣ್ಣಿದ್ದರೆ ಸ್ಕ್ರೂ ಪ್ರೆಸ್ ಅನುಕೂಲ. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದರೆ ನಾರು ಮತ್ತು ತೊಗಲಿನ ಒಗರು ರಸಕ್ಕೆ ಹೆಚ್ಚಾಗಿ ಇಳಿಯುತ್ತದೆ. ಸಾಧಾರಣವಾಗಿ ಹಣ್ಣಿನ ತೂಕದ ಅರ್ಧಕ್ಕಿಂತ ಹೆಚ್ಚು ರಸ ದೊರೆಯುತ್ತದೆ.

ರಸವನ್ನು ಸೋಸಿದ ಕೂಡಲೆ ಪೊಟ್ಯಾಷಿಯಂ ಮೆಟಾಬೈಸಲ್ಫೈಟ್ ಸೇರಿಸಬೇಕು. ಹಣ್ಣಿನ ಮೇಲಿಂದ ಬಂದ ಕಾಡು ಯೀಸ್ಟ್ ಮತ್ತು ಬ್ಯಾಕ್ಟೀರಿಯಗಳನ್ನು ಇದು ಹತೋಟಿಯಲ್ಲಿಡುತ್ತದೆ, ರಸ ಕಂದಾಗುವುದನ್ನೂ ತಡೆಯುತ್ತದೆ. ಪ್ರಮಾಣ 10 ಲೀಟರ್ ರಸಕ್ಕೆ 1 ಗ್ರಾಂ. ಇಷ್ಟು ಕಡಿಮೆ ತೂಕವನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಲಾಗದು. ಆದುದರಿಂದ 10 ಗ್ರಾಂ ಪುಡಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಆ ದ್ರಾವಣದ 100 ಮಿ.ಲೀ. ಅಳೆದು 10 ಲೀಟರ್ ರಸಕ್ಕೆ ಬೆರೆಸಬೇಕು. ದ್ರಾವಣವನ್ನು ಪ್ರತಿ ಸಲವೂ ಹೊಸತಾಗಿ ಮಾಡಿಕೊಳ್ಳಬೇಕು. ಹೆಚ್ಚು ಹಾಕಿದರೆ ಒಳ್ಳೆಯದೆಂದು ಭಾವಿಸಬೇಡಿ. ಮುಂದೆ ಹಾಕುವ ಯೀಸ್ಟೂ ಸಾಯುತ್ತದೆ, ಗಂಟಲು ಕೆರೆಯುತ್ತದೆ. ಪುಡಿಯ ಘಾಟನ್ನು ಮೂಗಿಗೆ ಎಳೆದುಕೊಳ್ಳಬಾರದು. ಉಬ್ಬಸ ಇರುವವರು ಈ ಕೆಲಸದಿಂದ ದೂರವಿರಬೇಕು. ಇದನ್ನು ಬೆರೆಸಿದ ಪಾನೀಯವೂ ಅಂಥವರಿಗೆ ತೊಂದರೆ ಕೊಡಬಹುದು.

ಒಗರು ತೆಗೆಯುವುದು

ಗೇರಿನ ರಸದ ಒಗರಿಗೆ ಟ್ಯಾನಿನ್ ಕಾರಣವೆಂದು ಮೇಲೆ ಹೇಳಿದೆ. ಅದನ್ನು ಗಂಜಿಯ ಪಿಷ್ಟದೊಡನೆ ಕೂಡಿಸಿ ತಳಕ್ಕೆ ಇಳಿಸಬಹುದು. ಇದಕ್ಕೆ ಮನೆಯಲ್ಲಿಯೇ ಇರುವ ಎರಡು ವಸ್ತುಗಳು ಸಾಕು.

ಸಾಬಕ್ಕಿ: ಲೀಟರ್ ರಸಕ್ಕೆ 5 ಗ್ರಾಂನಂತೆ ಸಾಬಕ್ಕಿಯನ್ನು ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಗಾಜಿನಂತೆ ತಿಳಿಯಾಗುವವರೆಗೆ ಬೇಯಿಸಬೇಕು. ಪೂರ್ತಿ ಆರಿದ ಮೇಲೆ ರಸಕ್ಕೆ ಬೆರೆಸಿ ಚೆನ್ನಾಗಿ ಕಲಕಬೇಕು. 10 ಲೀಟರ್ ರಸಕ್ಕೆ 50 ಗ್ರಾಂ ಬೇಕಾಗುತ್ತದೆ.

ಅನ್ನದ ಗಂಜಿ: ಉಪ್ಪು ಹಾಕದ, ಆರಿದ ಗಂಜಿ ತಿಳಿಯನ್ನು ಲೀಟರ್ ರಸಕ್ಕೆ 125 ಮಿ.ಲೀ.ನಂತೆ ಬೆರೆಸಬೇಕು. ಅಂದು ಮಾಡಿದ ಗಂಜಿಯೇ ಆಗಬೇಕು. ಹಿಂದಿನ ದಿನದ ಹುಳಿ ಗಂಜಿ ಬೇಡ. ಇದರಿಂದ ರಸ ಸ್ವಲ್ಪ ತೆಳುವಾಗುತ್ತದೆ. ಸಕ್ಕರೆ ಲೆಕ್ಕ ಹಾಕುವಾಗ ಇದನ್ನು ಗಮನಿಸಬೇಕು.

ಬೆರೆಸಿದ ಮೇಲೆ ಪಾತ್ರೆಯನ್ನು ಮುಚ್ಚಿ ತಂಪಾದ ಕೋಣೆಯಲ್ಲಿ ಸುಮಾರು 12 ಗಂಟೆ ಅಲುಗಿಸದೆ ಇಡಬೇಕು. ಮರುದಿನ ಬೆಳಿಗ್ಗೆ ತಳದಲ್ಲಿ ಗಷ್ಟು ನಿಂತು ಮೇಲೆ ತಿಳಿ ರಸ ಕಾಣುತ್ತದೆ. ತಿಳಿಯನ್ನು ಮಾತ್ರ ರಬ್ಬರ್ ನಳಿಕೆಯಿಂದ ಬೇರೆ ಪಾತ್ರೆಗೆ ಇಳಿಸಿಕೊಳ್ಳಬೇಕು. ಒಂದು ಚಮಚ ರುಚಿ ನೋಡಿ. ನಾಲಿಗೆ ಇನ್ನೂ ಹಿಡಿಯುತ್ತಿದ್ದರೆ ಅರ್ಧ ಪ್ರಮಾಣದಲ್ಲಿ ಮತ್ತೊಮ್ಮೆ ಮಾಡಬಹುದು. ಒಗರು ಸಂಪೂರ್ಣ ಹೋಗಬೇಕೆಂದಿಲ್ಲ. ಸ್ವಲ್ಪ ಉಳಿದರೆ ವೈನಿಗೆ ಮೈ ಬರುತ್ತದೆ.

ಸಕ್ಕರೆ ಮತ್ತು ಹುಳಿಯ ಹದ

ಈ ಭಾಗ ಅನುಮತಿ ಪಡೆದು ವೈನು ಮಾಡುವವರಿಗೆ ಸಂಬಂಧಿಸಿದುದು. ರಸದ ಸಕ್ಕರೆಯನ್ನು ಕೈ ರಿಫ್ರಾಕ್ಟೋಮೀಟರಿನಿಂದ ಬ್ರಿಕ್ಸ್ ಡಿಗ್ರಿಗಳಲ್ಲಿ ಅಳೆಯಲಾಗುತ್ತದೆ. ಒಂದು ಗುಂಪಿಗೆ ಒಂದು ಉಪಕರಣ ಸಾಕು. ಟೇಬಲ್ ವೈನಿಗೆ ರಸ ಸುಮಾರು 22 ಬ್ರಿಕ್ಸ್ ಇರಬೇಕು. ಪೂರ್ತಿ ಹುದುಗಿದಾಗ ಅದರಿಂದ ಶೇಕಡಾ 12ರಷ್ಟು ಆಲ್ಕೊಹಾಲ್ ಬರುತ್ತದೆ. ಇದಕ್ಕಿಂತ ತೀರ ಕಡಿಮೆಯಾದರೆ ವೈನು ಬಾಳುವುದಿಲ್ಲ, ತೀರ ಹೆಚ್ಚಾದರೆ ಯೀಸ್ಟ್ ಅರ್ಧದಲ್ಲಿ ನಿಲ್ಲುತ್ತದೆ. ಸೇರಿಸಬೇಕಾದ ಸಕ್ಕರೆಯ ಲೆಕ್ಕ ಹೀಗಿದೆ:

ರಸದ ತೂಕವನ್ನು, ಬೇಕಾದ ಬ್ರಿಕ್ಸಿನಿಂದ ಇರುವ ಬ್ರಿಕ್ಸ್ ಕಳೆದು ಬಂದ ಅಂಕೆಯಿಂದ ಗುಣಿಸಿ, 100ರಿಂದ ಬೇಕಾದ ಬ್ರಿಕ್ಸ್ ಕಳೆದು ಬಂದ ಅಂಕೆಯಿಂದ ಭಾಗಿಸಬೇಕು.

ಉದಾಹರಣೆಗೆ, 11 ಬ್ರಿಕ್ಸ್ ಇರುವ 10 ಕಿಲೋ ರಸವನ್ನು 22ಕ್ಕೆ ಏರಿಸಲು: 10 x 11 ÷ 78 = 1.41 ಕಿಲೋ ಸಕ್ಕರೆ. ಸಕ್ಕರೆಯನ್ನು ಸ್ವಲ್ಪ ರಸದಲ್ಲಿಯೇ ಕರಗಿಸಿ ಸೇರಿಸಬೇಕು. ತಳದಲ್ಲಿ ಕರಗದೆ ಉಳಿದರೆ ಲೆಕ್ಕ ತಪ್ಪುತ್ತದೆ. ಬೆಲ್ಲ ಹಾಕಿದರೆ ಬಣ್ಣ ಕಂದಾಗಿ ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ.

ಗೇರಿನ ರಸದಲ್ಲಿ ಹುಳಿ ಕಡಿಮೆ, ಸಾಮಾನ್ಯವಾಗಿ ಶೇಕಡಾ 0.3ರಿಂದ 0.4. ವೈನಿಗೆ ಶೇಕಡಾ 0.5ರಿಂದ 0.6ರಷ್ಟು ಬೇಕು. ಹುಳಿ ಕಡಿಮೆಯಾದ ರಸದಲ್ಲಿ ಕೆಡಿಸುವ ಬ್ಯಾಕ್ಟೀರಿಯಗಳು ಸುಲಭವಾಗಿ ನೆಲೆಯೂರುತ್ತವೆ. 10 ಲೀಟರ್ ರಸಕ್ಕೆ 20 ಗ್ರಾಂ ಸಿಟ್ರಿಕ್ ಆಮ್ಲ ಅಥವಾ ಸೋಸಿದ ಸುಮಾರು 300 ಮಿ.ಲೀ. ನಿಂಬೆರಸ ಸೇರಿಸಿದರೆ ಈ ಹದ ಬರುತ್ತದೆ.

ಮೆಟಾಬೈಸಲ್ಫೈಟ್ ಸೇರಿಸಿ 24 ಗಂಟೆ ಕಳೆದ ಮೇಲೆಯೇ ಯೀಸ್ಟ್ ಹಾಕಬೇಕು. ಬ್ರೆಡ್ಡಿನ ಯೀಸ್ಟ್ ಕೆಲಸ ಮಾಡುತ್ತದೆಯಾದರೂ ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ವೈನ್ ಯೀಸ್ಟ್ ಉತ್ತಮ. ಪಾತ್ರೆಯ ಕಾಲುಭಾಗ ಖಾಲಿ ಬಿಟ್ಟು, ಗಾಳಿ ಹೊರಹೋಗುವ ಮುಚ್ಚಳ ಹಾಕಬೇಕು. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಅನಿಲ ಬಹಳ ಬರುವುದರಿಂದ ಬಿಗಿಯಾಗಿ ಮುಚ್ಚಿದ ಗಾಜಿನ ಪಾತ್ರೆ ಸಿಡಿದು ಅಪಾಯವಾಗುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿರಿಸಿ, ಸುತ್ತ ಒದ್ದೆ ಗೋಣಿ ಸುತ್ತಿ ತಂಪಾಗಿಡಬೇಕು.

ಇತರ ಹಣ್ಣುಗಳು

ಮೇಲಿನ ಕ್ರಮವನ್ನು ಸ್ವಲ್ಪ ಬದಲಾಯಿಸಿ ನಮ್ಮ ಬೇರೆ ಹಣ್ಣುಗಳಿಗೂ ಅನುಸರಿಸಬಹುದು.

ಅನಾನಸು: ಬೆಳ್ತಂಗಡಿ ಕಡೆ ಎಳೆ ರಬ್ಬರು ತೋಟಗಳಲ್ಲಿ ಅಂತರ ಬೆಳೆಯಾಗಿ ಬೆಳೆಯುತ್ತಾರೆ. ಹುಳಿ, ಸಿಹಿ, ಪರಿಮಳ ಮೂರೂ ಇರುವುದರಿಂದ ಆರಂಭಿಸುವವರಿಗೆ ಇದು ಸುಲಭ. ಸಿಪ್ಪೆ ಮತ್ತು ಕಣ್ಣುಗಳನ್ನು ಪೂರ್ತಿ ತೆಗೆಯಬೇಕು. ಮಣ್ಣು ಮತ್ತು ಕಾಡು ಯೀಸ್ಟ್ ಅಲ್ಲಿಯೇ ಅಡಗಿರುತ್ತವೆ. ಒಗರು ತೆಗೆಯುವ ಕೆಲಸ ಇದಕ್ಕಿಲ್ಲ.

ಪುನರ್ಪುಳಿ: ಮಳೆ ಬೀಳುವ ಮೊದಲು ಕೊಯ್ದ, ಪೂರ್ತಿ ಕೆಂಪಾದ ಹಣ್ಣು ಬೇಕು. ಬೀಜದಲ್ಲಿ ಕೊಬ್ಬು ಇರುವುದರಿಂದ ಅದನ್ನು ಜಜ್ಜದೆ ಬಿಡಿಸಿ ತೆಗೆಯಬೇಕು. ಸಿಪ್ಪೆ ಬಹಳ ಹುಳಿ. ನೀರು ಬೆರೆಸಿ ಹುಳಿ ತಗ್ಗಿಸದಿದ್ದರೆ ಯೀಸ್ಟ್ ಏಳುವುದಿಲ್ಲ. ಮೆಟಾಬೈಸಲ್ಫೈಟ್ ಹೆಚ್ಚಾದರೆ ಕೆಂಪು ಬಣ್ಣ ಮಾಸುತ್ತದೆ.

ನೇರಳೆ: ಬೀಜ ಒಡೆಯದಂತೆ ಕೈಯಿಂದ ಹಿಸುಕಬೇಕು, ಬೀಜ ಒಡೆದರೆ ಕಹಿ ಮತ್ತು ಒಗರು ಇಳಿಯುತ್ತದೆ. ಬಣ್ಣ ಸಿಪ್ಪೆಯಲ್ಲಿರುವುದರಿಂದ ಮೊದಲ ಕೆಲವು ದಿನ ಸಿಪ್ಪೆಯೊಡನೆಯೇ ಹುದುಗಲು ಬಿಟ್ಟು ಅನಂತರ ಸೋಸಬೇಕು.

ಹಲಸು: ತುಳುವೆ ಹಲಸು ರಸಕ್ಕೆ ಅನುಕೂಲ. ಮೇಣ ತಾಗದಂತೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿ ಬಿಡಿಸಬೇಕು, ಆ ಎಣ್ಣೆ ತೊಳೆಗೆ ಅಂಟದಂತೆ ನೋಡಿಕೊಳ್ಳಬೇಕು. ಸಿಹಿ ಹೆಚ್ಚು, ಹುಳಿ ತೀರ ಕಡಿಮೆ. ನೀರು ಮತ್ತು ನಿಂಬೆರಸ ಎರಡೂ ಬೇಕು. ಪೆಕ್ಟಿನ್ ಹೆಚ್ಚಿರುವುದರಿಂದ ತಿಳಿಯಾಗಲು ಬಹಳ ದಿನ ಹಿಡಿಯುತ್ತದೆ.

ಬಾಳೆ: ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡುವಷ್ಟು ಮಾಗಬೇಕು. ಅರೆಮಾಗಿದ ಬಾಳೆಯಲ್ಲಿ ಸಕ್ಕರೆಗೆ ಬದಲಾಗಿ ಪಿಷ್ಟವೇ ಉಳಿದಿರುತ್ತದೆ. ಅದನ್ನು ಯೀಸ್ಟ್ ಬಳಸಲಾರದು.

ವೈನು ಬೇಡದವರಿಗೆ ಸಿರಪ್

ಒಗರು ತೆಗೆದ 1 ಲೀಟರ್ ತಿಳಿ ರಸಕ್ಕೆ 2 ಕಿಲೋ ಸಕ್ಕರೆ ಮತ್ತು 15 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ, ಸಕ್ಕರೆ ಕರಗುವಷ್ಟೇ ಬಿಸಿ ಮಾಡಿ, ಬಟ್ಟೆಯಲ್ಲಿ ಸೋಸಿ, ಕುದಿಸಿ ಒಣಗಿಸಿದ ಬಾಟ್ಲಿಗಳಲ್ಲಿ ತುಂಬಬೇಕು. ಸಕ್ಕರೆ ಇಷ್ಟು ಹೆಚ್ಚಿರುವಾಗ ಹುದುಗು ಏಳುವುದಿಲ್ಲ. ಒಂದು ಪಾಲು ಸಿರಪ್‌ಗೆ ನಾಲ್ಕೈದು ಪಾಲು ತಣ್ಣೀರು ಬೆರೆಸಿ ಕುಡಿಯಬಹುದು. ಇದಕ್ಕೆ ಅಬಕಾರಿ ಅನುಮತಿಯ ಅಗತ್ಯವಿಲ್ಲ. ಮಾರಾಟ ಮಾಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ವೈನು ಮಾಡುವ ಮೊದಲು ಅಬಕಾರಿ ಅನುಮತಿ.
2. ಸಿಂಪಡಿಸಿದ ಮರದ ಹಣ್ಣು ಬೇಡ.
3. ರಾತ್ರಿ ಉದುರಿದ ಹಣ್ಣನ್ನು ಬೆಳಿಗ್ಗೆ ಹೆಕ್ಕಿ, ಮಧ್ಯಾಹ್ನದೊಳಗೆ ಹಿಂಡುವುದು.
4. ಬೀಜದ ಎಣ್ಣೆ, ಕಬ್ಬಿಣ, ತಾಮ್ರ ರಸಕ್ಕೆ ತಾಗಬಾರದು.
5. 10 ಲೀಟರ್ ರಸಕ್ಕೆ 1 ಗ್ರಾಂ ಮೆಟಾಬೈಸಲ್ಫೈಟ್, 50 ಗ್ರಾಂ ಸಾಬಕ್ಕಿ.
6. ವೈನಿಗಾದರೆ 22 ಬ್ರಿಕ್ಸ್. ಯೀಸ್ಟ್ 24 ಗಂಟೆಯ ನಂತರ.

ರಸ ತೆಗೆದ ಮೇಲೆ ಉಳಿಯುವ ಚರಟವನ್ನು ಮರದ ಬುಡದಲ್ಲಿ ರಾಶಿ ಹಾಕಿದರೆ ನೊಣಗಳು ಮತ್ತೆ ಅಲ್ಲಿಯೇ ಹುಟ್ಟುತ್ತವೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಅಥವಾ ಸೊಪ್ಪು ಮುಚ್ಚಬೇಕು. ಬರುವ ಸೀಸನ್ನಿಗೆ ಮೊದಲು ತೋಟದಲ್ಲೊಮ್ಮೆ ತಿರುಗಿ, ಔಷಧಿ ಸಿಂಪಡಿಸದೆ ಬಿಡುವ ಮರಗಳು ಯಾವುವೆಂದು ಮನೆಯವರೆಲ್ಲ ಕೂಡಿ ಗೊತ್ತುಮಾಡಿಕೊಂಡರೆ ಉಳಿದ ಕೆಲಸ ಕಷ್ಟವಲ್ಲ. ಹೆಚ್ಚಿನ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.